ಅಂಗೈಗೆ ಗಾಳಿ

ಬಸ್ಸಿನ ಬೋರ್ಡಿನಲ್ಲಿ ಹುಲಿಕೆರೆ,
ಕಂಡಕ್ಟರ್ ಬಾಯಲ್ಲಿ ಉಲ್ಕೆರೆ, ಉಲ್ಕೆರೆ, ಇಳೀರಿ ಬೇಗ.
ಹುಲಿ ಬೋರ್ಡಿನಲ್ಲೇ ಉಳಿದು ಮುಂದಿನೂರಿಗೆ ಹೋಯಿತು.
ನಾನು ಇಳಿದೆ, ಕಂಕುಳಲ್ಲಿ ಪಾಠ ವೀಕ್ಷಣಾ ಪುಸ್ತಕ,
ಹನ್ನೊಂದು ಕಾಲಂ, ಕೊನೆಯಲ್ಲಿ ಸಹಿಗೆ ಜಾಗ.

ಎರಡನೇ ತರಗತಿ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು
ಮೊಣಕಾಲು ಹಿಡಿಸದ ಪುಟ್ಟ ಕುರ್ಚಿಯಲ್ಲಿ ಕೂತೆ.
ಶಿವನಂಜಮ್ಮ ಮಿಸ್ ನನ್ನತ್ತ ನೋಡಲಿಲ್ಲ.
ಹಾಜರಿ ಕರೆದರು. ಇಪ್ಪತ್ತಮೂರು ಆಜರ್.
ಒಬ್ಬ ಗೈರು,
ನಾಲೆಗೆ ನೀರು ಬಿಟ್ಟವ್ರೆ ಮಿಸ್, ಅದ್ಕೇ.

ಪೀಠಿಕೆ ಏನು, ಎಂದಿತು ಮೊದಲ ಕಾಲಂ.
ಪೀಠಿಕೆ ಇರಲಿಲ್ಲ. ಮಿಸ್ ಸೀಮೆಸುಣ್ಣದಲ್ಲಿ ಒಂದು ಹಕ್ಕಿ ಬರೆದರು,
ಕೊಕ್ಕು ಉದ್ದವಾಯಿತೆಂದು
ಸೆರಗಿನ ತುದಿಯಿಂದ ಒರೆಸಿ ಗಿಡ್ಡ ಮಾಡಿದರು.
ಏನಿದು?
ಅಕ್ಕಿ!
ಏನ್ ಮಾಡ್ತಾ ಇದೆ?
ಆರ್ತಾ ಅದೆ!
ಕಿಟಕಿಯಾಚೆ, ಅಡುಗೆಕೋಣೆಯ ಜಗಲಿಯಲ್ಲಿ, ಗೋಣಿತಾಟಿನ ಮೇಲೆ
ನಿಜವಾಗಿಯೂ ಅಕ್ಕಿ ಆರುತ್ತಿತ್ತು.
ಮಕ್ಕಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂಗೈ ಬಾಯ್ಮುಂದೆ ಹಿಡೀರಿ, ಅಂದರು ಮಿಸ್.
ಅ ಅನ್ನಿ. ಗಾಳಿ ತಾಕ್ತಾ? ಇಲ್ಲ.
ಈಗ ಹ ಅನ್ನಿ, ಚಳೀಲಿ ಕೈ ಬೆಚ್ಚಗೆ ಮಾಡ್ಕೋತೀರಲ್ಲ, ಹಾಗೆ.
ಬಂತು ಮಿಸ್! ನಂಗೂ ಬಂತು! ನಂದು ಬಿಸಿ ಅದೆ!
ಮುಂದಿನ ಸಾಲಿನ ಲಿಖಿತ
ತನ್ನ ಗಾಳಿಯನ್ನು ಪಕ್ಕದವಳ ಅಂಗೈಗೂ ಕೊಟ್ಟಳು.
ನಾನೂ, ಪುಸ್ತಕದ ಮರೆಯಲ್ಲಿ, ಒಂದು ಸಲ.

ಆ ಒಂದು ಸಲಕ್ಕೆ ಕಾರಣವಿದೆ.
ಮೈಸೂರಿನ ಟ್ರೈನಿಂಗ್ ಕಾಲೇಜು, ಮೊದಲ ವಾರದ ಸೆಮಿನಾರು,
ಅಸಿರು ಕ್ರಾಂತಿ ಎಂದುಬಿಟ್ಟೆ. ಮೂರು ಬೆಂಚು ನಕ್ಕವು.
ನಕ್ಕವರಲ್ಲಿ ಇಬ್ಬರು ನಮ್ಮ ತಾಲ್ಲೂಕಿನವರೇ.
ಅಲ್ಲಿಂದ ಹಣಕ್ಕೆ ದುಡ್ಡು, ಹಾವಿಗೆ ಸರ್ಪ, ಹೂವಿಗೆ ಪುಷ್ಪ,
ಹೀಗೆ ಸುತ್ತಿ ಬಳಸಿ ದಾಟಿದ್ದೇನೆ.
ಹತ್ತಕ್ಕೆ ಮಾತ್ರ ಬದಲಿ ಸಿಗಲಿಲ್ಲ;
ಎಣಿಸುವಾಗ ಒಂಬತ್ತಾದ ಮೇಲೆ ನಾನು ಅತ್ತು.

ಕಿಟಕಿ ಪಕ್ಕದ ಬೋರೇಶ ಚಡ್ಡಿ ಎಳೆದುಕೊಳ್ಳುತ್ತ ಎದ್ದ.
ಮಿಸ್, ಅಕ್ಕಿ ಅಕ್ಕೀನ ತಿಂತು ಅಂದ್ರೆ
ಯಾವ್ದು ಯಾವ್ದುನ್ನ ತಿಂತು?
ತರಗತಿ ನಕ್ಕಿತು. ಮಿಸ್ ನಗಲಿಲ್ಲ.
ಸೀಮೆಸುಣ್ಣವನ್ನು ಎರಡು ಬೆರಳ ನಡುವೆ ಉರುಳಿಸುತ್ತ
ಒಂದು ಕಬ್ಬಿನ ಟ್ರ್ಯಾಕ್ಟರ್ ಹಾದುಹೋಗುವಷ್ಟು ಹೊತ್ತು ಯೋಚಿಸಿದರು.
ಹಸಿದಿರೋದು ತಿಂತು ಕಣೋ, ಅಂದರು.
ಬೋರೇಶ ಅಂಗೈ ಎತ್ತಿ, ಹಸಿ, ಹಸಿ, ಎಂದು
ತಾಕುತ್ತದೋ ಇಲ್ಲವೋ ನೋಡಿಕೊಂಡ.
ನನ್ನ ಪುಸ್ತಕದಲ್ಲಿ ಪ್ರಶ್ನಿಸುವ ಕೌಶಲ ಎಂಬ ಕಾಲಂ ಇದೆ,
ಅದು ಶಿಕ್ಷಕರದು. ಅವನಿಗೆ ಜಾಗ ಇರಲಿಲ್ಲ.

ಅಷ್ಟರಲ್ಲಿ ಗಾಳಿ ಕೈಮೀರಿತ್ತು.
ಹಮ್ಮ, ಎಂದಳೊಬ್ಬಳು. ಹಪ್ಪ. ಹಾನೆ. ಹಿಲಿ.
ಹೊಂದು ಹೆರಡು ಎಂದು ಗೋಡೆಯ ಮಗ್ಗಿ ಓದಿದರು,
ಕೋಣೆ ಕುಲುಮೆಯ ತಿದಿಯಂತೆ ಬುಸುಗುಟ್ಟಿತು.
ಮಿಸ್, ಹುಸ್ರು ಸಾಲ್ತಾ ಇಲ್ಲ!
ಈಗ ನಕ್ಕರು ಶಿವನಂಜಮ್ಮ ಮಿಸ್,
ಮೇಜಿಗೆ ಒರಗಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು.
ದೋಷ ತಿದ್ದುವಿಕೆಯ ಕಾಲಮಿನಲ್ಲಿ
ನನ್ನ ಪೆನ್ನು ಒಂದು ಚುಕ್ಕೆ ಇಟ್ಟು ನಿಂತಿತು.

ಗಂಟೆ. ಮಕ್ಕಳು ಲೋಟ ಹಿಡಿದು ಸಾಲಾದರು.
ಮಿಸ್ ಕಿಟಕಿಗೆ ಬಾಗಿ ಕೂಗಿದರು,
ಸಾಕವ್ವಾ, ಆಲು ಕಾಯ್ತಾ?
ಈ ಮೇಷ್ಟ್ರಿಗೂ ಒಂದ್ ಲೋಟ ಆಕು.

ಯಾರೂ ಅಂಗೈ ಎತ್ತಲಿಲ್ಲ.
ಬೋರೇಶ ಮಾತ್ರ ಮಿಸ್ಸಿನ ಮುಖ ನೋಡಿದ,
ಆಮೇಲೆ ನನ್ನ ಮುಖ.
ನಾನು ಪುಸ್ತಕ ಮುಚ್ಚಿದೆ.

ಕುಡೀತೀರಿ ತಾನೆ, ಅಂದರು.
ಊಂ, ಅಂದೆ.
ಸಕ್ಕರೆ ತುಸು ಹೆಚ್ಚಾಗಿತ್ತು. ಬಿಸಿ ಆರಲೆಂದು ಊದುತ್ತ ನಿಂತೆ.
ಆಚೆ ಗೋಣಿತಾಟಿನ ಮೇಲೆ ಏನೋ ಬಂದು ಕೂತಿತು.
ಸಾಕವ್ವ ಸೌಟು ಎತ್ತಿ ಉಶ್ ಎಂದಳು.
ಅದು ಹಾರಲಿಲ್ಲ.